ಎರಡು ಅಡುಗೆಮನೆಗಳ ಡಬ್ಬಿ

ನಾನು ಒಂದು ಸ್ಟೀಲ್ ಡಬ್ಬಿ. ದೊಡ್ಡದಲ್ಲ, ತೀರ ಸಣ್ಣದೂ ಅಲ್ಲ. ಒಬ್ಬರ ಊಟಕ್ಕೆ ಸ್ವಲ್ಪ ಹೆಚ್ಚಾಗುತ್ತೇನೆ, ಇಬ್ಬರ ಊಟಕ್ಕೆ ಸ್ವಲ್ಪ ಕಡಿಮೆ ಬೀಳುತ್ತೇನೆ. ಯಾವ ಊರಿನಲ್ಲಿ ಹುಟ್ಟಿದೆನೋ ತಿಳಿಯದು. ತಿಳಿಯದ್ದನ್ನು ತಿಳಿದಂತೆ ಹೇಳುವುದು ನನಗೆ ಹಿಡಿಸದು. ನೆನಪಿರುವುದಿಷ್ಟು: ನಾನು ಮೊದಲು ಚಪ್ಪಟೆ ತಗಡಾಗಿದ್ದೆ. ಮೇಲಿನಿಂದ ಭಾರವಾದದ್ದೊಂದು ಇಳಿದು ನನ್ನ ನಡುವನ್ನು ಒತ್ತಿತು. ಒತ್ತಿದ ಜಾಗ ತಳವಾಯಿತು, ಸುತ್ತಲಿನದು ಗೋಡೆಯಾಯಿತು. ಆಮೇಲೆ ತಿರುಗುವ ಚಕ್ರಕ್ಕೆ ಹಿಡಿದು ಉಜ್ಜಿದರು. ಎಲ್ಲ ಮುಗಿದ ಮೇಲೆ ಯಾರೋ ಮುಚ್ಚಳ ಹಾಕಿ ನೋಡಿದರು. ಅದು ಟಪ್ಪೆಂದು ಕೂತಿತು.

ಮೈಸೂರಿನ ಅಶೋಕ ರಸ್ತೆಯ ಪಾತ್ರೆ ಅಂಗಡಿಯೊಂದರಲ್ಲಿ ಎಷ್ಟೋ ಕಾಲ ನನ್ನಂಥವರ ನಡುವೆ ಒಬ್ಬನಾಗಿ ಕೂತಿದ್ದೆ. ಅಲ್ಲಿಂದ ನನ್ನನ್ನು ಕೊಂಡವರು ಪುಟ್ಟಗೌರಮ್ಮ. ಸುಮ್ಮನೆ ಕೊಳ್ಳುವ ಹೆಂಗಸಲ್ಲ. ನನ್ನನ್ನು ಬೋರಲು ಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿದರು. ಮುಚ್ಚಳ ಹಾಕಿ, ತಲೆಕೆಳಗು ಮಾಡಿ, ಬೀಳುತ್ತದೆಯೋ ನೋಡಿದರು. ಬೀಳಲಿಲ್ಲ. ಮೊಮ್ಮಗಳಿಗೆ ಹೆಸರಿಡುವ ದಿನ ಹತ್ತಿರ ಬಂದಿತ್ತು. ಡಬ್ಬಿಯ ಮೇಲೆ ಹೆಸರು ಹಾಕಿಕೊಡಲು ಅಂಗಡಿಯವರು ಬೇರೆ ದುಡ್ಡು ಕೇಳಿದಾಗ, "ಹೆಸರಿಗೂ ಕಾಸು ಕೇಳ್ತೀರಲ್ಲಪ್ಪ, ಇನ್ನೂ ತೊಟ್ಟಿಲಲ್ಲಿರೋ ಮಗೂದು" ಎಂದರು. ಅಂಗಡಿಯವರು ನಕ್ಕು ಬಿಟ್ಟುಕೊಟ್ಟರು. ಗುಯ್ಯೆನ್ನುವ ಸೂಜಿಯೊಂದು ನನ್ನ ಹೊಟ್ಟೆಯ ಮೇಲೆ ಓಡಾಡಿ 'ಇಂಚರ' ಎಂದು ಬರೆಯಿತು. ಕಚಗುಳಿಯಾಯಿತು. ಮಗುವಿಗೆ ಹೆಸರಿಡುವ ಮೊದಲೇ ಆ ಹೆಸರು ನನ್ನ ಮೇಲೆ ಬಂತು.

ಆ ಮನೆಯಲ್ಲಿ ನನ್ನೊಳಗೆ ಮೊದಲು ತುಂಬಿದ್ದು ರಾಗಿ ಸರಿಯ ಹಿಟ್ಟು. ಮುಚ್ಚಳ ತೆರೆದಾಗಲೆಲ್ಲ ಮೇಲಿನಿಂದ ಒಂದು ಮುಖ ಬಾಗುತ್ತಿತ್ತು. ಡಬ್ಬಿಗೆ ಮನುಷ್ಯರ ಗುರುತು ಸಿಗುವುದು ಹಾಗೆಯೇ, ಗಲ್ಲ, ಮೂಗಿನ ಹೊಳ್ಳೆ, ಆಮೇಲೆ ಕಣ್ಣು. ಮಗುವಿನ ತಾಯಿ ವಿನುತಾ ಬಾಗಿದರೆ ಮೊದಲು ಮೂಸಿ ನೋಡುತ್ತಿದ್ದಳು, ಹಿಟ್ಟಿಗೆ ಹುಳ ಬಿದ್ದಿರಬಹುದೆಂಬ ಅಂಜಿಕೆ. ಅವಳಿಗೆ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಕಣ್ಣಿಗೆ ಕಾಣದ್ದೂ ಇರುತ್ತದೆಂದು ನಂಬಿದವಳು. ತಂದೆ ಯತೀಶ ಬಾಗುತ್ತಿದ್ದದ್ದು ಅಪರೂಪ. ಅವನಿಗೆ ಪಕ್ಕದ ಬೀದಿಯಲ್ಲಿ ಸ್ಕೂಟರು, ಬೈಕುಗಳ ಬಿಡಿಭಾಗ ಮಾರುವ ಬಾಡಿಗೆ ಅಂಗಡಿಯಿತ್ತು. ಅವನ ಕೈ ನನ್ನನ್ನು ಮುಟ್ಟಿದರೆ ಗ್ರೀಸಿನ ವಾಸನೆ ಉಳಿಯುತ್ತಿತ್ತು. ಪುಟ್ಟಗೌರಮ್ಮ ಅವನ ತಾಯಿ.

ಗಂಡ ಹೆಂಡತಿ ಯಾಕೆ ಬೇರೆಯಾದರೆಂದು ನನ್ನನ್ನು ಕೇಳಬೇಡಿ. ಅಡುಗೆಮನೆಗೆ ಅರ್ಧ ಮಾತು ಮಾತ್ರ ಕೇಳಿಸುತ್ತದೆ. ಆ ಅರ್ಧದಲ್ಲಿ ಒಮ್ಮೆ ಇವಳದು ಸರಿ ಎನಿಸುತ್ತಿತ್ತು, ಒಮ್ಮೆ ಅವನದು. ಯಾರೂ ಯಾರನ್ನೂ ಹೊಡೆಯಲಿಲ್ಲ. ಮಾತು ಮಾತ್ರ ದಿನದಿನಕ್ಕೆ ಕಡಿಮೆಯಾಯಿತು, ಆಮೇಲೆ ಪಾತ್ರೆಗಳನ್ನು ಇಡುವ ಸದ್ದು ಜೋರಾಯಿತು. ಇಂಚರ ಶಾಲೆಗೆ ಸೇರಿದ ವರ್ಷ ವಿನುತಾ ಮಗಳನ್ನು ಕರೆದುಕೊಂಡು ಸರಸ್ವತಿಪುರಂನ ಒಂದು ಮಹಡಿ ಮನೆಗೆ ಬಂದಳು. ಹೊರಡುವ ದಿನ ಪುಟ್ಟಗೌರಮ್ಮನೇ ನನ್ನನ್ನು ತಂದು ಚೀಲಕ್ಕೆ ಹಾಕಿದರು. "ಮಗೂ ಹೆಸರಿದೆ, ಮಗೂ ಜೊತೇಲಿರ್ಲಿ" ಎಂದರು. ಅತ್ತೆ ಸೊಸೆ ಇಬ್ಬರೂ ಆಗ ಅಳಲಿಲ್ಲ. ಆಟೋ ತಿರುಗಿದ ಮೇಲೆ ಏನಾಯಿತೋ ನಾನು ನೋಡಲಿಲ್ಲ.

ಕೋರ್ಟಿನಲ್ಲಿ ತೀರ್ಮಾನವಾದದ್ದು ಇದು: ಮಗು ತಾಯಿಯ ಹತ್ತಿರ ಇರಬೇಕು, ಭಾನುವಾರಗಳಲ್ಲಿ ತಂದೆ ಕರೆದೊಯ್ಯಬಹುದು, ಮಗುವಿನ ಜೀವನಾಂಶಕ್ಕೆಂದು ತಂದೆ ತಿಂಗಳು ತಿಂಗಳು ಹಣ ಕಳುಹಿಸಬೇಕು. ಒಬ್ಬರ ಮನೆಗೆ ಒಬ್ಬರು ಕಾಲಿಡುತ್ತಿರಲಿಲ್ಲ. ಎರಡು ಮನೆಗಳ ನಡುವೆ ಬರುವ ಒಂದು ಹಾಲಿನ ಬೂತಿನ ಎದುರು ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಮಗುವಿನ ಚೀಲ, ಚೀಲದೊಳಗೆ ನಾನು.

ನನ್ನೊಳಗೆ ವಿನುತಾ ಮೆತ್ತನೆಯ ಚಪಾತಿ, ಖಾರವಿಲ್ಲದ ಪಲ್ಯ ಹಾಕುತ್ತಿದ್ದಳು. ಅತ್ತೆಯ ಸಾರಿನ ಖಾರ ಅವಳಿಗೆ ಗೊತ್ತಿತ್ತು. ಮೊದಲ ಭಾನುವಾರ ಪುಟ್ಟಗೌರಮ್ಮ ನನ್ನನ್ನು ತೆರೆದು ನೋಡಿ, "ಅಜ್ಜಿ ಮನೇಲಿ ಅನ್ನ ಇಲ್ಲ ಅಂದ್ಕೊಂಡವ್ಳೆ ನಿಮ್ಮಮ್ಮ" ಎಂದರು. ಆದರೂ ಸಂಜೆ ನನ್ನನ್ನು ತೊಳೆದು, ಒರೆಸಿ, ಒಳಗೊಂದು ಅಚ್ಚು ಬೆಲ್ಲ ಇಟ್ಟು ಮುಚ್ಚಿದರು. ಅದು ಅವರ ಪದ್ಧತಿ. ಒಂದು ಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಬರಿದಾಗಿ ಕಳಿಸಿದರೆ ಆ ಮನೆಯೊಂದಿಗೆ ಕೊಡುವ ತರುವ ಸಂಬಂಧ ಸಾಕು ಎಂದಂತೆ.

ಸರಸ್ವತಿಪುರಂನ ಅಡುಗೆಮನೆಯಲ್ಲಿ ವಿನುತಾ ಮುಚ್ಚಳ ತೆಗೆದು ಬೆಲ್ಲವನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಮುಂದಿನ ಭಾನುವಾರ ಚಪಾತಿಯ ಪಕ್ಕದಲ್ಲಿ ಬಾಳೆಲೆಯ ಚೂರಿನಲ್ಲಿ ಕಟ್ಟಿದ ಚಟ್ನಿಪುಡಿ ಇತ್ತು. ಇಂಚರ ಚಟ್ನಿಪುಡಿ ತಿನ್ನುತ್ತಿರಲಿಲ್ಲ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಅತ್ತೆ ಸೊಸೆ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತುತ್ತಿರಲಿಲ್ಲ. ಆದರೆ ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಆ ಮನೆಯಿಂದ ಈ ಮನೆಗೆ ಬರುತ್ತಿತ್ತು. ಈ ಮನೆಯಿಂದ ಮೆಂತ್ಯದ ಹಿಟ್ಟು ಹೋಗುತ್ತಿತ್ತು. ಒಮ್ಮೆ ಇಂಚರ ಬೇರೇನನ್ನೋ ಹೇಳುತ್ತ, ಅಜ್ಜಿಗೆ ಮಂಡಿ ನೋವೆಂದು ಅಮ್ಮನಿಗೆ ಹೇಳಿದಳು. ಆ ವಾರ ನನ್ನೊಳಗೆ ಹುರಿದ ಎಳ್ಳಿನ ಪುಡಿ ತುಂಬಿತ್ತು. ಪುಟ್ಟಗೌರಮ್ಮ ಮೂಸಿ ನೋಡಿ, "ಹೊತ್ತಿಸಿಬಿಟ್ಟವ್ಳೆ" ಎಂದು ಗೊಣಗಿ ದಿನವೂ ಒಂದು ಚಮಚ ತಿಂದರು. ಡಬ್ಬಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ.

ವರ್ಷಗಳು ಹೋದವು. ಇಂಚರ ಬೆಳೆದಂತೆ ಭಾನುವಾರ ಅವಳಿಗೆ ಸಾಲದಾಯಿತು. ಯತೀಶನೂ ಬದಲಾಗಿದ್ದ. ಒಟ್ಟಿಗೆ ಇದ್ದಾಗ ಮಗಳ ತಲೆಗೆ ಎಣ್ಣೆ ಹಚ್ಚಲು ಬಾರದಿದ್ದವನು ಈಗ ಎರಡು ಜಡೆ ಹೆಣೆಯುತ್ತಿದ್ದ. ಒಂದು ಮೇಲೆ, ಒಂದು ಕೆಳಗೆ, ಆದರೂ ಜಡೆಯೇ. ಅಂಗಡಿಯನ್ನು ಬೇಗ ಮುಚ್ಚುತ್ತಿದ್ದ. ಸಾಲ ಮಾಡಿ ಮಗಳಿಗೊಂದು ಕೋಣೆ ಕಟ್ಟಿಸಿದ, ಕಿಟಕಿಯ ಪಕ್ಕ ಓದುವ ಮೇಜು ಹಾಕಿಸಿದ. ಅಪ್ಪನ ಮನೆಯಲ್ಲಿ ಅರ್ಧ ವಾರ ಇರುತ್ತೇನೆಂದು ಇಂಚರ ಕೇಳಿದಾಗ ವಿನುತಾ ಒಂದು ರಾತ್ರಿಯೆಲ್ಲ ಯೋಚಿಸಿ ಒಪ್ಪಿದಳು. ಒಪ್ಪಿಗೆ ನಡೆದದ್ದು ಹಾಲಿನ ಬೂತಿನ ಎದುರು, ನಿಂತ ನಿಲುವಿನಲ್ಲಿ. ಅವನು ಸರಿಯೇ ಎಂದ, ಇವಳು ಸರಿ ಎಂದಳು. ಹಣದ ಮಾತು ಯಾರೂ ಎತ್ತಲಿಲ್ಲ. ಆ ಹೊತ್ತಿನಲ್ಲಿ ಎತ್ತಿದರೆ ಚೆನ್ನಾಗಿರುವುದಿಲ್ಲ ಎಂದು ಇಬ್ಬರಿಗೂ ಅನಿಸಿರಬೇಕು.

ಮುಂದಿನ ತಿಂಗಳು ವಿನುತಾಳ ಫೋನು ಎಂದಿನಂತೆಯೇ ಸದ್ದು ಮಾಡಿತು. ಬಂದ ಹಣ ಮಾತ್ರ ಅರ್ಧ.

ನಾನು ಆಗ ಸರಸ್ವತಿಪುರಂನ ಅಡುಗೆಮನೆಯ ಕಟ್ಟೆಯ ಮೇಲಿದ್ದೆ. ಅವಳು ಯತೀಶನಿಗೆ ಫೋನು ಮಾಡಿದಳು. ನನಗೆ ಕೇಳಿಸಿದ್ದು ಅವಳ ಮಾತು ಮಾತ್ರ. "ಅರ್ಧ ವಾರ ನನ್ನ ಮಗಳು ಮನೇಲಿರಲ್ಲ, ಅರ್ಧ ಬಾಡಿಗೆ ತಗೊಳ್ಳಿ ಅಂದ್ರೆ ಓನರ್ ಒಪ್ತಾರಾ? ಸ್ಕೂಲ್‌ನೋರು ಒಪ್ತಾರಾ?" ಎಂದಳು. ಅವನ ಉತ್ತರ ಕೇಳಿಸಿಕೊಂಡಳು. ಆಮೇಲೆ ಫೋನು ಕೆಳಗಿಟ್ಟಳು.

ಅವನ ಮಾತು ನನಗೆ ಕೇಳಿಸಿದ್ದು ಆ ವಾರದ ಕೊನೆಗೆ, ಆ ಮನೆಯ ಅಡುಗೆಮನೆಯಲ್ಲಿ. ತಾಯಿಯ ಎದುರು ಕೂತು ಊಟ ಮಾಡುತ್ತ ಹೇಳುತ್ತಿದ್ದ: "ಅರ್ಧ ವಾರ ನಮ್ಮನೇಲೇ ಇರ್ತಾಳಲ್ಲಮ್ಮ. ಅನ್ನ ಇಲ್ಲಿ, ಹಾಲು ಇಲ್ಲಿ. ರೂಮಿನ ಸಾಲ ನನ್ನ ತಲೆ ಮೇಲಿದೆ. ನಾನೇನು ವಿನುತಾಗೆ ಮೋಸ ಮಾಡ್ತಿದ್ದೀನಾ?" ಅವನ ದನಿಯಲ್ಲಿ ಮೋಸ ಇರಲಿಲ್ಲ. ದಣಿವಿತ್ತು. ಪುಟ್ಟಗೌರಮ್ಮ ಸಾರು ಬಡಿಸುತ್ತ, ಅವಳನ್ನು ಕೇಳಿ ಕಡಿಮೆ ಮಾಡಬೇಕಿತ್ತು ಎಂದಷ್ಟೇ ಹೇಳಿದರು. ಎರಡೂ ಮನೆ ನೋಡಿದ ನನಗೆ ಇಬ್ಬರ ಮೇಲೂ ಕೋಪ ಬರಲಿಲ್ಲ. ಒಬ್ಬ ಹುಡುಗಿ ಎರಡು ಮನೆಯಲ್ಲಿ ಬೆಳೆಯುವುದು ಒಂದು ಮನೆಯಲ್ಲಿ ಬೆಳೆಯುವುದಕ್ಕಿಂತ ದುಬಾರಿ ಎಂದು ಇಬ್ಬರಿಗೂ ಯಾರೂ ಹೇಳಿರಲಿಲ್ಲ.

ವಿನುತಾ ವಕೀಲೆಯನ್ನು ಕಂಡಳು. ಇನ್ನು ಮುಂದೆ ಆ ಕಡೆಯಿಂದ ಹಣವಾಗಲಿ, ಬೆಲೆ ಬಾಳುವ ವಸ್ತುವಾಗಲಿ ಬಂದರೆ ಬರಹವಿಲ್ಲದೆ ತೆಗೆದುಕೊಳ್ಳಬೇಡಿ, ನಾಳೆ ಅದನ್ನೇ ಜೀವನಾಂಶದಲ್ಲಿ ಹಿಡಿದು ತೋರಿಸಬಹುದು ಎಂದು ವಕೀಲೆ ಹೇಳಿದ್ದರು. ತಪ್ಪು ಮಾತಲ್ಲ. ಆದರೆ ವಿನುತಾಳ ಅಂಜಿಕೆ ಎಂದೂ ಹೇಳಿದಷ್ಟಕ್ಕೆ ನಿಲ್ಲುತ್ತಿರಲಿಲ್ಲ. ಆ ವಾರ ನಾನು ತಂಬಿಟ್ಟು ತುಂಬಿಕೊಂಡು ಬಂದಿದ್ದೆ. ಅವಳು ಅದನ್ನು ತಟ್ಟೆಗೆ ಸುರಿದು ಕೆಳಗಿನ ಮನೆಯ ಮಕ್ಕಳಿಗೆ ಕೊಟ್ಟಳು. ನನ್ನನ್ನು ತೊಳೆದಳು. ಮತ್ತೆ ತೊಳೆದಳು. ಬಟ್ಟೆಯಿಂದ ಒರೆಸಿ, ಮುಚ್ಚಳ ಹಾಕಿ, ಮಗಳ ಚೀಲದೊಳಗಿಟ್ಟಳು. ಅವರಿಂದ ತೆಗೆದುಕೊಳ್ಳಬಾರದೆಂದರೆ ಅವರಿಗೆ ಕೊಡುವುದೂ ಸರಿಯಲ್ಲ ಎಂದು ಅವಳು ಲೆಕ್ಕ ಹಾಕಿದ್ದಳು. ಕೊಡುವುದನ್ನು ನಿಲ್ಲಿಸಿದರೆ ಅದಕ್ಕೆ ಆ ಮನೆಯಲ್ಲಿ ಏನು ಅರ್ಥವೆಂಬುದು ಅವಳಿಗೆ ಗೊತ್ತಿತ್ತು. ಭಯದಲ್ಲಿ ಮರೆತಿದ್ದಳು.

ನಾನು ಅಲ್ಲಿಯವರೆಗೆ ಬರಿದಾಗಿ ಪ್ರಯಾಣ ಮಾಡಿರಲಿಲ್ಲ. ಚೀಲದಲ್ಲಿ ಪುಸ್ತಕ ತಗುಲಿದಾಗಲೆಲ್ಲ ಟಣ್ ಟಣ್ ಎನ್ನುತ್ತಿದ್ದೆ. ನನ್ನ ದನಿಗೆ ನಾನೇ ನಾಚಿಕೊಂಡೆ.

ಪುಟ್ಟಗೌರಮ್ಮ ಎಂದಿನಂತೆ ಮುಚ್ಚಳ ತೆಗೆದರು. ಮುಖ ಬಾಗಿತು. ನನ್ನನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ, ಮೂಲೆಯಲ್ಲಿ ಏನಾದರೂ ಅಂಟಿಕೊಂಡಿದೆಯೇನೋ ಎಂಬಂತೆ ನೋಡಿದರು. ಬೆರಳು ಹಾಕಿ ತಳ ಸವರಿದರು. ಆಮೇಲೆ ಮುಚ್ಚಳ ಹಾಕಿ ಮಣೆಯ ಮೇಲೆ ಕೂತರು. ಇಂಚರ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ಅಜ್ಜಿ ಅವಳನ್ನು ಬೈಯಲಿಲ್ಲ, ಅವಳ ಅಮ್ಮನನ್ನೂ ಬೈಯಲಿಲ್ಲ. ಸಂಜೆ ಮಗ ಬಂದಾಗ ಒಂದೇ ಮಾತು ಹೇಳಿದರು.

"ಸಾಕು ಅಂತ ಹೇಳಿ ಕಳ್ಸವ್ಳೆ ಕಣಪ್ಪ."

ಯತೀಶನಿಗೆ ತನ್ನ ಮೇಲೆ ಬಂದಿದ್ದರೆ ಸಹಿಸಿಕೊಳ್ಳುತ್ತಿದ್ದನೇನೋ. ತಾಯಿಯ ಮುಖ ನೋಡಿ ಕುದಿದುಹೋದ. ಹಾಗಾದರೆ ಕೋರ್ಟೇ ಹೇಳಲಿ ಎಂದ. ಮಗು ಅರ್ಧ ವಾರ ತನ್ನ ಹತ್ತಿರವೇ ಇರುವುದರಿಂದ ಜೀವನಾಂಶವನ್ನು ಕಡಿಮೆ ಮಾಡಬೇಕೆಂದು ಅರ್ಜಿ ಹಾಕಿದ. ಅದಕ್ಕೆ ಉತ್ತರವಾಗಿ ವಿನುತಾಳ ಕಡೆಯಿಂದ, ಕೋರ್ಟು ಹೇಳಿದ್ದು ಭಾನುವಾರ ಮಾತ್ರ, ಹಾಗೆಯೇ ನಡೆಯಲಿ ಎಂದು ಬರೆಯುವ ಮಾತು ಬಂತು.

ನನ್ನನ್ನು ಅಜ್ಜಿ ಶೆಲ್ಫಿನ ಮೇಲೆ ಬೋರಲು ಹಾಕಿದ್ದರು. ಕೆಲವು ವಾರ ಇಂಚರ ಹೋದಳು, ಬಂದಳು, ನಾನು ಅಲ್ಲೇ ಇದ್ದೆ. ಒಂದು ದಿನ ಅವಳು ಸ್ಟೂಲು ಹತ್ತಿ ನನ್ನನ್ನು ಇಳಿಸಿದಳು. "ನನ್ನ ಹೆಸರಿದೆಯಲ್ಲ ಅಜ್ಜಿ" ಎಂದಳು. ಪುಟ್ಟಗೌರಮ್ಮ ಬೇಡವೆನ್ನಲಿಲ್ಲ, ಏನನ್ನೂ ಹಾಕಿಕೊಡಲೂ ಇಲ್ಲ. ಹಾಕಿಕೊಡಲು ಅವರ ಕೈ ಏಳಲಿಲ್ಲ. ಹುಡುಗಿ ನನ್ನನ್ನು ತನ್ನ ಕೋಣೆಗೆ ಒಯ್ದಳು. ಮೇಜಿನ ಮೇಲಿದ್ದ ಕೂದಲ ಕ್ಲಿಪ್ಪು, ರಬ್ಬರ್ ಬ್ಯಾಂಡು, ಗಿಡ್ಡ ಪೆನ್ಸಿಲು, ಒಂದು ಬಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಕಿ ಮುಚ್ಚಿದಳು.

ಸರಸ್ವತಿಪುರಂನಲ್ಲಿ ವಿನುತಾ ನನ್ನನ್ನು ಚೀಲದಿಂದ ತೆಗೆದು ಅಲ್ಲಾಡಿಸಿ ನೋಡಿ, ಇದರೊಳಗೆ ಇದೇಕೆ ಎಂದು ಕೇಳಿದಳು.

"ಖಾಲಿ ತರಬಾರದಲ್ಲಮ್ಮ" ಎಂದಳು ಇಂಚರ.

ವಿನುತಾಳ ಕೈ ನನ್ನ ಮೇಲೆ ನಿಂತಿತು. ಆ ಕೈಗೆ ಎಲ್ಲವೂ ಒಮ್ಮೆಗೇ ನೆನಪಾದದ್ದು ನನಗೆ ತಿಳಿಯಿತು. ಅವಳು ಏನನ್ನಾದರೂ ಹೇಳುವ ಮೊದಲು ಹುಡುಗಿ ಮತ್ತೆ ಮಾತಾಡಿದಳು. ಇದನ್ನು ಹೇಳಬೇಕೆಂದೇ ದಾರಿಯುದ್ದಕ್ಕೂ ಇಟ್ಟುಕೊಂಡು ಬಂದಿದ್ದಳೆಂದು ಕಾಣುತ್ತದೆ. ಒಂದು ಕ್ಲಿಪ್ಪನ್ನು ತೆಗೆಯುತ್ತ ಮುಚ್ಚುತ್ತ, ಅಮ್ಮನ ಮುಖ ನೋಡದೆ ಕೇಳಿದಳು.

"ಅಮ್ಮ, ನಾನು ಎಲ್ಲ ದಿನ ಇಲ್ಲೇ ಇದ್ಬಿಟ್ರೆ ಅಪ್ಪ ಪೂರ್ತಿ ದುಡ್ಡು ಕಳಿಸ್ತಾರಲ್ಲ?"

"ನಿಂಗೆ ಹಾಗೆ ಇರಬೇಕಾ?"

"ನಂಗೇನೂ ಆಗಲ್ಲ."

ಕ್ಲಿಪ್ಪು ಟಿಕ್ ಟಿಕ್ ಎನ್ನುತ್ತಿತ್ತು. ವಿನುತಾ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಅಷ್ಟು ಚಿಕ್ಕವಳಲ್ಲ ಅವಳು, ಕಾಲು ಹೊರಗೆ ಚಾಚಿತ್ತು. ಅದೆಲ್ಲ ದೊಡ್ಡವರ ಕೆಲಸ, ನೀನು ಅದರಲ್ಲಿ ಬರಬೇಡ ಎಂದಳು. ಬರಬೇಡ ಎಂದರೆ ಬರದಿರಲು ಅದು ಹುಡುಗಿಯ ಜೀವನವೇ ಆಗಿತ್ತಲ್ಲ. ತನ್ನ ದಿನಗಳಿಗೆ ಒಂದು ಬೆಲೆಯಿದೆಯೆಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಅಮ್ಮನಿಗೋಸ್ಕರ ಅವಳು ಅಪ್ಪನನ್ನು, ಕಿಟಕಿಯ ಪಕ್ಕದ ಮೇಜನ್ನು, ಒಂದು ಮೇಲೆ ಒಂದು ಕೆಳಗೆ ಹೆಣೆದ ಜಡೆಯನ್ನು ಬಿಟ್ಟುಕೊಡಲು ತಯಾರಾಗಿದ್ದಳು. ಯಾರೂ ತಡೆಯದಿದ್ದರೆ ಬಿಟ್ಟೇಬಿಡುತ್ತಿದ್ದಳು.

ಕೋರ್ಟು ಇಬ್ಬರನ್ನೂ ಮೊದಲು ಮಧ್ಯಸ್ಥಿಕೆಯ ಕೋಣೆಗೆ ಕಳಿಸಿತು. ಕಾಯುವುದು ಎಷ್ಟು ಹೊತ್ತಾಗುವುದೋ ಎಂದು ವಿನುತಾ ಒಗ್ಗರಣೆ ಅವಲಕ್ಕಿಯನ್ನು ನನ್ನೊಳಗೆ ತುಂಬಿಕೊಂಡು ಹೊರಟಳು. ಹೀಗೆ ನಾನೂ ಕೋರ್ಟು ನೋಡಿದೆ. ನೋಡಿದೆ ಎಂದರೆ ಕೈಚೀಲದೊಳಗಿಂದ ಕೇಳಿದೆ.

ಮಧ್ಯಸ್ಥಿಕೆಗೆ ಕೂತಿದ್ದವರು ವಯಸ್ಸಾದ ಒಬ್ಬ ವಕೀಲೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಯತೀಶ ಮೊದಲು ಮಾತಾಡಿದ. ಅರ್ಧ ವಾರ ಮಗು ತನ್ನ ಹತ್ತಿರ ಇದ್ದ ಮೇಲೆ ಅರ್ಧ ಕೊಡುವುದರಲ್ಲಿ ತಪ್ಪೇನೆಂದು ಕೇಳಿದ. ಮೇಡಂ ತಪ್ಪು ಸರಿ ಹೇಳಲಿಲ್ಲ. ವಿನುತಾಳ ಕಡೆ ತಿರುಗಿ, ಮಗು ಮನೆಯಲ್ಲಿ ಇಲ್ಲದ ದಿನ ನಿಮ್ಮ ಮನೆಯಲ್ಲಿ ಯಾವ ಯಾವ ಖರ್ಚು ನಿಲ್ಲುತ್ತದೆ ಎಂದು ಕೇಳಿದರು.

ಏನೂ ನಿಲ್ಲುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಅವಳು ಯೋಚಿಸಿದಳು. "ಹಾಲು ಅರ್ಧ ಲೀಟರ್ ಕಮ್ಮಿ ತಗೋತೀನಿ. ಅಕ್ಕಿ ಒಂದು ಲೋಟ ಕಮ್ಮಿ. ತರಕಾರಿ ಸ್ವಲ್ಪ" ಎಂದಳು. ಆಮೇಲೆ, "ಬಾಡಿಗೆ ನಿಲ್ಲಲ್ಲ ಮೇಡಂ. ಅವಳಿಗೆ ಅಂತಲೇ ಎರಡು ರೂಮಿನ ಮನೆ ಹಿಡಿದೆ. ಫೀಸು, ವ್ಯಾನು, ಯೂನಿಫಾರ್ಮು, ಅದೂ ನಿಲ್ಲಲ್ಲ" ಎಂದಳು. ಆ ಮನೆಯಲ್ಲೂ ಖರ್ಚಿದೆಯೆಂದು ತನಗೆ ಗೊತ್ತು, ಕೋಣೆ ಚೆನ್ನಾಗಿದೆಯೆಂದು ಮಗಳು ಹೇಳುತ್ತಿರುತ್ತಾಳೆ ಎಂದೂ ಸೇರಿಸಿದಳು. ಅದನ್ನು ಸೇರಿಸುವ ಅಗತ್ಯವಿರಲಿಲ್ಲ.

ಯತೀಶ ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದ. ತಟ್ಟುವುದು ನಿಂತಿತು. "ಅಂಗಡಿ ಬಾಗಿಲು ಹಾಕಿದ ದಿನಾನೂ ಬಾಡಿಗೆ ಓಡ್ತಾನೇ ಇರುತ್ತೆ" ಎಂದ, ಯಾರಿಗೂ ಅಲ್ಲದಂತೆ. "ಅದು ನಂಗೆ ಗೊತ್ತಿರೋ ವಿಷಯಾನೇ."

ಆಗ ವಿನುತಾ ಮಗಳು ಕೇಳಿದ್ದನ್ನು ಹೇಳಿದಳು. ಯಾವ ಬಣ್ಣವನ್ನೂ ಹಚ್ಚಲಿಲ್ಲ, ಹುಡುಗಿ ಹೇಳಿದ ಹಾಗೆಯೇ ಹೇಳಿದಳು. 'ನಂಗೇನೂ ಆಗಲ್ಲ' ಎಂಬುದನ್ನೂ ಹೇಳಿದಳು. ಯತೀಶ ಮಾತಾಡಿದಾಗ ಅವನ ದನಿಯ ಗುರುತೇ ನನಗೆ ಹತ್ತಲಿಲ್ಲ.

"ದುಡ್ಡು ಎಷ್ಟು ಅಂತ ಬರೀತೀರೋ ಬರೀರಿ ಮೇಡಂ. ಅವಳ ದಿನ ಮಾತ್ರ ಕಮ್ಮಿ ಮಾಡ್ಬೇಡಿ."

"ದಿನ ಕಮ್ಮಿ ಮಾಡಿ ಅಂತ ನಾನೂ ಕೇಳಲ್ಲ" ಎಂದಳು ವಿನುತಾ. ಭಾನುವಾರ ಮಾತ್ರ ಎಂದು ತನ್ನ ವಕೀಲೆ ಬರೆಯಬೇಕೆಂದಿದ್ದ ಮಾತನ್ನು ಅವಳು ಅಲ್ಲಿಯೇ ಬಿಟ್ಟಳು.

ಮೇಡಂ ಇಬ್ಬರಿಗೂ ಒಂದು ಎಚ್ಚರಿಕೆ ಕೊಟ್ಟರು. ದಿನಗಳನ್ನೂ ಹಣವನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ, ಆ ಹಗ್ಗ ಹೋಗಿ ಮಗುವಿನ ಕಾಲಿಗೇ ತೊಡರುತ್ತದೆ ಎಂದರು. ನಿಧಾನವಾಗಿ ಮಾತು ಕೂಡಿತು. ಊಟ ತಿಂಡಿ ಯಾವ ಮನೆಯಲ್ಲಿದ್ದಾಗ ಆ ಮನೆಯದು. ಶಾಲೆಯದನ್ನು ಯತೀಶ ನೇರವಾಗಿ ಕಟ್ಟಬೇಕು. ಅದನ್ನು ಬಿಟ್ಟು ವಿನುತಾಳಿಗೆ ತಿಂಗಳು ತಿಂಗಳು ಕಳಿಸುವುದು ಮೊದಲಿನಷ್ಟಿರುವುದಿಲ್ಲ, ಆದರೆ ಅರ್ಧಕ್ಕೂ ಇಳಿಯುವುದಿಲ್ಲ. ಇಬ್ಬರ ದುಡಿಮೆ ನೋಡಿ ಅದನ್ನು ಗೊತ್ತು ಮಾಡಿದರು. ನಾಳೆ ದಿನಗಳು ಹೆಚ್ಚು ಕಡಿಮೆಯಾದರೆ ಹಣ ತಾನಾಗಿ ಬದಲಾಗಬಾರದು, ಮೊದಲು ಕೂತು ಮಾತಾಡಬೇಕು. ಯತೀಶನಿಗೆ ಇದು ಸುಲಭವಾಗಿರಲಿಲ್ಲ. ಕೋಣೆಯ ಸಾಲ ಹಾಗೆಯೇ ಇತ್ತು. ವಿನುತಾಳಿಗೂ ಮೊದಲಿನಷ್ಟು ಬರುತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಸ್ವಲ್ಪ ಕಷ್ಟಪಡುವುದೆಂದು ಒಪ್ಪಿಕೊಂಡರು.

ಕಾಗದ ಟೈಪಾಗಿ ಬರುವವರೆಗೆ ಹೊರಗೆ ಬೆಂಚಿನ ಮೇಲೆ ಕೂತರು. ಈ ತುದಿಗೆ ಇವಳು, ಆ ತುದಿಗೆ ಅವನು. ಊಟದ ಹೊತ್ತು ಮೀರಿತ್ತು. ವಿನುತಾ ನನ್ನನ್ನು ತೆರೆದಳು. ಎರಡು ತುತ್ತು ತಿಂದಳು. ಆಮೇಲೆ ಮುಚ್ಚಳದಲ್ಲಿ ತನಗೆ ಸ್ವಲ್ಪ ಹಾಕಿಕೊಂಡು, ನನ್ನನ್ನು ಬೆಂಚಿನ ಮೇಲೆ ನಡುವಿಗೆ ಸರಿಸಿದಳು.

ಅವನು ಬೇಡವೆನ್ನಲಿಲ್ಲ. ತಿನ್ನುತ್ತ, ನನ್ನೊಳಗೆ ನೋಡುತ್ತ ಹೇಳಿದ: "ಅವತ್ತು ಬರೀ ಡಬ್ಬಿ ಬಂತಲ್ಲ, ಅವತ್ತಿಂದ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ."

ವಿನುತಾ ತನ್ನ ವಕೀಲೆ ಹೇಳಿದ್ದನ್ನೂ ತಾನು ಅದನ್ನು ಎಲ್ಲಿಯವರೆಗೆ ಎಳೆದುಕೊಂಡು ಹೋದೆನೆಂಬುದನ್ನೂ ಹೇಳಿದಳು. ಹೇಳುವಾಗ ಎರಡು ಸಲ ತಡವರಿಸಿದಳು. "ಅತ್ತೆಗೆ ಸಾಕು ಅನ್ನೋದು ನನ್ನ ಮನಸ್ಸಲ್ಲಿರಲಿಲ್ಲ" ಎಂದಳು. ಅತ್ತೆ ಎಂಬ ಮಾತು ಅವಳ ಬಾಯಲ್ಲಿ ಎಷ್ಟೋ ವರ್ಷದ ಮೇಲೆ ಬಂದಿತ್ತು. ಅವನು ಅರ್ಧ ತಿಂದು ಕೈ ತೊಳೆದುಬಂದು, ಮುಚ್ಚಳ ಕೇಳಿ ತೆಗೆದುಕೊಂಡು, ನನ್ನನ್ನು ಮುಚ್ಚಿ ತನ್ನ ಚೀಲದೊಳಗಿಟ್ಟುಕೊಂಡ.

ಆ ಸಂಜೆ ಪುಟ್ಟಗೌರಮ್ಮ ನನ್ನನ್ನು ಎತ್ತಿಕೊಂಡಾಗ, ಮೊದಲು ಕೈಯಲ್ಲೇ ತೂಗಿ ನೋಡಿದರು. ತೆರೆಯಲು ಭಯವಿತ್ತೆಂದು ಕಾಣುತ್ತದೆ. ಮಗ ನಡೆದದ್ದೆಲ್ಲ ಹೇಳಿದ. ಅವರು ಆರಿದ ಅವಲಕ್ಕಿಯನ್ನು ಬೆರಳಿನಿಂದ ತೆಗೆದು ಬಾಯಿಗೆ ಹಾಕಿಕೊಂಡರು.

"ಉಪ್ಪು ಕಮ್ಮಿ" ಎಂದರು.

ಪೂರ್ತಿ ತಿಂದು ಮುಗಿಸಿದರು.

ಅದಾದ ಮೇಲೆ ನಾನು ಬಹಳ ದಿನ ಓಡಾಡಲಿಲ್ಲ. ಬೇಸರದಿಂದ ಹೇಳುತ್ತಿಲ್ಲ. ಅತ್ತೆ ಸೊಸೆ ಫೋನಿನಲ್ಲಿ ಮಾತಾಡತೊಡಗಿದರು. ಹೆಚ್ಚಲ್ಲ, ಹುಳಿಗೆ ಎಷ್ಟು ಬೇಳೆ, ಹುಡುಗಿಗೆ ಕೆಮ್ಮು ಹೇಗಿದೆ, ಇಷ್ಟೇ. ಡಬ್ಬಿ ಹೇಳಬೇಕಾದದ್ದು ಉಳಿಯಲಿಲ್ಲ. ಎರಡೂ ಮನೆಯಲ್ಲಿ ಇಂಚರಳಿಗೆ ಬಟ್ಟೆ, ಬ್ರಷ್ಷು, ಚಪ್ಪಲಿ ಬೇರೆ ಬೇರೆಯಾಗಿ ಬಂದವು. ಅವಳ ಚೀಲ ಹಗುರವಾಯಿತು. ಒಮ್ಮೆ ಯಾರ ಕೈಯಿಂದಲೋ ಜಾರಿ ಬಿದ್ದು ನನ್ನ ಬಾಯಿ ಸೊಟ್ಟಗಾಯಿತು. ಮುಚ್ಚಳ ಕೂರುವುದು ನಿಂತಿತು. ಊಟಕ್ಕೆ ಬಾರದ ಡಬ್ಬಿಯನ್ನು ಹಳೆ ಪಾತ್ರೆಯವರಿಗೆ ಹಾಕಲು ಪುಟ್ಟಗೌರಮ್ಮನಿಗೆ ಮನಸ್ಸು ಬರಲಿಲ್ಲ. ಯತೀಶ ಅಂಗಡಿಗೆ ಒಯ್ದ.

ಈಗ ನಾನು ಅಂಗಡಿಯ ಹಲಗೆಯೊಂದರ ಮೂಲೆಯಲ್ಲಿದ್ದೇನೆ. ನನ್ನೊಳಗೆ ನಟ್ಟು, ವಾಷರು, ಚಿಕ್ಕ ಸ್ಪ್ರಿಂಗು. ಮೂಸುವವರಿಲ್ಲ. ಗ್ರೀಸಿನ ಕೈ ಬರುತ್ತದೆ, ಹುಡುಕುತ್ತದೆ, ಹೋಗುತ್ತದೆ. ಮುಚ್ಚಳವಿಲ್ಲದ ಕಾರಣ ದಿನವಿಡೀ ಎಲ್ಲವೂ ಕಾಣುತ್ತದೆ. ವಯಸ್ಸಾದ ಡಬ್ಬಿಗೆ ಇದೊಂದು ಅನುಕೂಲ.

ನಿನ್ನೆ ಇಂಚರ ಶಾಲೆ ಮುಗಿಸಿ ಸೈಕಲ್ಲಿನಲ್ಲಿ ಅಂಗಡಿಗೆ ಬಂದಳು. ಈಗ ಹೈಸ್ಕೂಲಿನ ಕೊನೆಯ ವರ್ಷ. ಚೀಲವನ್ನು ಗಲ್ಲಾದ ಪಕ್ಕ ಎಸೆದು, ಹುಡುಕಿ, ಗಣಿತದ ಪುಸ್ತಕ ಅಮ್ಮನ ಮನೆಯಲ್ಲೇ ಉಳಿಯಿತು ಎಂದಳು. ನಾಳೆ ಪರೀಕ್ಷೆಯಂತೆ. ಯತೀಶ ಬೈದ. ಅಮ್ಮನಿಗೆ ಫೋನು ಮಾಡಿದಳು, ಅವಳೂ ಬೈದದ್ದು ಇಲ್ಲಿಯವರೆಗೆ ಕೇಳಿಸಿತು. "ಇಬ್ರೂ ಒಂದೇ ಥರ ಬೈತೀರಪ್ಪ" ಎಂದು ಹುಡುಗಿ ಗೊಣಗಿದಳು. ಹಾಗಾದರೆ ಇವತ್ತು ಅಲ್ಲೇ ಮಲಗುತ್ತೇನೆ, ನಾಳೆ ಬರುತ್ತೇನೆ ಎಂದಳು. ಇವತ್ತು ಯಾರ ದಿನವೆಂದು ಅವನು ಕೇಳಲಿಲ್ಲ. ಟಯರಿಗೆ ಗಾಳಿ ಇದೆಯೇ ನೋಡಿಕೋ ಎಂದಷ್ಟೇ ಹೇಳಿದ.

ಆ ಕೆಟ್ಟ ತಿಂಗಳುಗಳಲ್ಲಿ ಈ ಹುಡುಗಿ ಏನನ್ನೂ ಮರೆಯುತ್ತಿರಲಿಲ್ಲ. ಯಾವ ಕರವಸ್ತ್ರ ಯಾವ ಮನೆಯದು, ಯಾರು ಯಾವ ಪೆನ್ನು ಕೊಡಿಸಿದರು, ಯಾವುದನ್ನು ಎಲ್ಲಿ ತೋರಿಸಬಾರದು, ಎಲ್ಲ ಅವಳ ತಲೆಯಲ್ಲಿ ಇರುತ್ತಿತ್ತು. ಅಷ್ಟು ಚಿಕ್ಕ ಮಗು ಅಷ್ಟು ಎಚ್ಚರವಾಗಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಈಗ ಪುಸ್ತಕ ಮರೆಯುತ್ತಾಳೆ, ಕೊಡೆ ಮರೆಯುತ್ತಾಳೆ, ಮೊನ್ನೆ ಒಂದು ಚಪ್ಪಲಿಯನ್ನೇ ಮರೆತು ಬಂದಿದ್ದಳಂತೆ. ಹೆದರಿಕೆಯಿಲ್ಲದ ಕಡೆಯೇ ಮಕ್ಕಳು ವಸ್ತುಗಳನ್ನು ಮರೆತು ಹೋಗುವುದು.

ಅವಳು ಸೈಕಲ್ಲು ಹತ್ತಿ 'ಬರ್ತೀನಪ್ಪ' ಎಂದಳು. ಬೀದಿಯ ತಿರುವಿನವರೆಗೆ ಯತೀಶ ಹೊಸ್ತಿಲಲ್ಲಿ ನಿಂತು ನೋಡಿದ. ಆಮೇಲೆ ಒಳಗೆ ಬಂದು, ಯಾರದೋ ಸ್ಕೂಟರಿಗೆ ಬೇಕಾಗಿದ್ದ ಒಂದು ಸಣ್ಣ ನಟ್ಟಿಗಾಗಿ ನನ್ನೊಳಗೆ ಕೈ ಹಾಕಿದ.